ಮೂರು ಕೋಣೆಗಳ ಬಂದೂಕು

೧೯೭೯ರ ಜನವರಿಯ ಒಂದು ಮಧ್ಯಾಹ್ನ, ಯಲ್ದೂರಿನ ನಮ್ಮ ಮನೆಯ ನಡುಮನೆಯಲ್ಲಿ, ತಾತನ ರೈಫಲ್ಲಿನ ಮ್ಯಾಗಜೀನು ಅರ್ಧ ಒಳಗೆ ಹೋಗಿ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅದನ್ನು ಹಾಕುತ್ತಿದ್ದವಳು ನನ್ನ ಸೋದರತ್ತೆ ರತ್ನ. ರೈಫಲ್ಲಿನಲ್ಲಿ ಗುಂಡು ಇರಲಿಲ್ಲ, ಮ್ಯಾಗಜೀನಿನಲ್ಲೂ ಇರಲಿಲ್ಲ. ಮುಂದಿನ ವಾರ ಸಬ್ ಇನ್‌ಸ್ಪೆಕ್ಟರು ಮನೆಗೆ ಬಂದು, ಅವಳ ಕೈಯಿಂದಲೇ ಅದನ್ನು ಹಾಕಿಸಿ ತೆಗೆಸಿ ನೋಡುವವರಿದ್ದರು.

ನಮ್ಮ ಮನೆಯಲ್ಲಿ ಮ್ಯಾಗಜೀನು ಎಂಬ ಮಾತು ನಡೆಯುತ್ತಿರಲಿಲ್ಲ. ತೂಟಾ, ಅಂದರೆ ಗುಂಡು, ತುಂಬುವ ಆ ಪುಟ್ಟ ಕಬ್ಬಿಣದ ಪೆಟ್ಟಿಗೆಗೆ ಎಲ್ಲರೂ ಡಬ್ಬಿ ಎನ್ನುತ್ತಿದ್ದರು. ಅದು ಹೋಗಿ ಕೂರುವ ಬಂದೂಕಿನ ಹೊಟ್ಟೆಯ ಕಿಂಡಿಗೆ ಗೂಡು ಎನ್ನುತ್ತಿದ್ದರು. ಬಂದೂಕು, ಡಬ್ಬಿ, ತೂಟಾ ಮೂರೂ ಒಂದೇ ಕೋಣೆಯಲ್ಲಿ ಇರಬಾರದೆಂಬುದು ತಾತನ ಕಟ್ಟಳೆ. ಬಂದೂಕು ಅವನ ಕೋಣೆಯ ಬೀರುವಿನಲ್ಲಿ ನಿಂತಿರುತ್ತಿತ್ತು. ತೂಟಾಗಳು ದೇವರ ಕೋಣೆಯ ಟ್ರಂಕಿನಲ್ಲಿ, ಬೀಗದ ಕೈ ತಾತನ ಉಡಿದಾರದಲ್ಲಿ. ಡಬ್ಬಿ ಅಡುಗೆಮನೆಯ ಗೋಡೆಗೂಡಿನಲ್ಲಿ, ಸಾಸಿವೆ ಮತ್ತು ಮೆಂತ್ಯದ ಭರಣಿಗಳ ನಡುವೆ. ಕೋಪ ಬಂದವನು ಮೂರು ಕೋಣೆ ಸುತ್ತಿ ಬರುವಷ್ಟರಲ್ಲಿ ಕೋಪ ಇಳಿದಿರುತ್ತದೆ ಎಂದು ತಾತ ಹೇಳುತ್ತಿದ್ದನಂತೆ. ಇದನ್ನು ನನಗೆ ಹೇಳಿದವಳು ಅಮ್ಮ. ನಾನು ಕಂಡದ್ದು ಮಾತ್ರ ಬೇರೆ: ಹಂದಿ ಬಂತೆಂದು ಹೊಲದಿಂದ ಕೂಗು ಕೇಳಿದರೆ ಅಡುಗೆಮನೆಯಿಂದ ಅಜ್ಜಿ ಡಬ್ಬಿ ಹಿಡಿದು ಓಡಿ ಬರುತ್ತಿದ್ದಳು, ತಾತ ಬಂದೂಕು ಹಿಡಿದು ನಡುಮನೆಗೆ ಬರುತ್ತಿದ್ದ, ಅಷ್ಟರಲ್ಲಿ ಹಂದಿ ಹೊಟ್ಟೆ ತುಂಬಿಸಿಕೊಂಡು ಹೋಗಿರುತ್ತಿತ್ತು. ತಾತ ಆಮೇಲೆ ಹಿತ್ತಲಲ್ಲಿ ಆಕಾಶಕ್ಕೆ ಒಂದು ಹೊಡೆಯುತ್ತಿದ್ದ. ಅದು ಮುಂದಿನ ಸಲ ಬರುವ ಹಂದಿಗೆ.

ಮನೆ ದೊಡ್ಡದೇನಲ್ಲ. ನಡುಮನೆಯ ಒಂದು ಮೂಲೆಯಲ್ಲಿ ಅತ್ತೆಯ ಹೊಲಿಗೆ ಮಿಷನ್ನು, ಇನ್ನೊಂದು ಮೂಲೆಯಲ್ಲಿ ರಾಗಿ ಬೀಸುವ ಕಲ್ಲು, ಅದರ ಮೇಲ್ಗಡೆ ತೊಟ್ಟಿಲು. ತೊಟ್ಟಿಲಲ್ಲಿ ನನ್ನ ತಮ್ಮ. ಅಪ್ಪ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ, ಭಾನುವಾರ ಬರುತ್ತಿದ್ದ. ತಾತ ಮತ್ತು ಅಜ್ಜಿ ತಮ್ಮತಮ್ಮಲ್ಲಿ ತೆಲುಗು ಆಡುತ್ತಿದ್ದರು, ನಮ್ಮ ಜೊತೆ ಕನ್ನಡ. ಜಗಳ ಮಾತ್ರ ಯಾವಾಗಲೂ ತೆಲುಗಿನಲ್ಲಿ ನಡೆಯುತ್ತಿತ್ತು, ಅದೂ ತಗ್ಗಿದ ದನಿಯಲ್ಲಿ. ಹಾಗಾಗಿ ನಾನು ತೆಲುಗನ್ನು ಕದ್ದು ಕೇಳಿಯೇ ಕಲಿತೆ.

ಮನೆಯ ಎಣ್ಣೆ ಎಂದರೆ ಹುಚ್ಚೆಳ್ಳೆಣ್ಣೆ. ರಾಗಿ ಹೊಲದ ಅಂಚಿನಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಲ್ಲುತ್ತಿದ್ದ ಹುಚ್ಚೆಳ್ಳನ್ನು ಅಜ್ಜಿ ಗಾಣಕ್ಕೆ ಹಾಕಿಸಿ ತರುತ್ತಿದ್ದಳು. ಒಗ್ಗರಣೆಗೆ ಅದೇ, ಒಡೆದ ಹಿಮ್ಮಡಿಗೆ ಅದೇ, ಎತ್ತಿನ ಕೊಂಬಿಗೂ ಅದೇ. ಆಯುಧ ಪೂಜೆಯ ದಿನ ಮನೆಯ ಕಬ್ಬಿಣವನ್ನೆಲ್ಲ ಮಣೆಯ ಮೇಲೆ ಸಾಲಾಗಿ ಇಡುತ್ತಿದ್ದರು: ಕುಡುಗೋಲು, ಗುದ್ದಲಿ, ನೇಗಿಲ ಗುಳ, ಅತ್ತೆಯ ಕತ್ತರಿ, ಕೊನೆಗೆ ಬಂದೂಕು ಮತ್ತು ಡಬ್ಬಿ. ಅಜ್ಜಿ ಪ್ರತಿಯೊಂದಕ್ಕೂ ಬೆರಳು ಅದ್ದಿ ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಇಟ್ಟು, ಹೂ ಏರಿಸುತ್ತಿದ್ದಳು. ವರ್ಷವೆಲ್ಲ ದುಡಿದ ಕಬ್ಬಿಣಕ್ಕೂ ಹಸಿವಿರುತ್ತದೆ ಎಂಬುದು ಅವಳ ನಂಬಿಕೆ. ಬಂದೂಕಿಗೆ ಎಲ್ಲಕ್ಕಿಂತ ಹೆಚ್ಚು ಎಣ್ಣೆ ಸಿಗುತ್ತಿತ್ತು. ಗೂಡಿನೊಳಕ್ಕೂ ಬೆರಳು ಹಾಕಿ ಸವರುತ್ತಿದ್ದಳು. ಹಬ್ಬದ ಮಾರನೇ ದಿನ ತಾತ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ಹಬ್ಬದ ಊಟ ಭಾರವಾಗಿದೆ, ಯಾರೂ ಎಬ್ಬಿಸಬೇಡಿ ಎಂದು ಅಜ್ಜಿಯೇ ನಮಗೆ ತಾಕೀತು ಮಾಡುತ್ತಿದ್ದಳು. ಇನ್ನೊಂದು ಸಂಗತಿಯೂ ಆಗ ನಡೆಯುತ್ತಿತ್ತು, ಯಾರೂ ಗಮನ ಕೊಟ್ಟಿರಲಿಲ್ಲ: ಹೊಲಿಗೆ ಮಿಷನ್ನಿಗೆ ಹಾಕುವ ತೆಳು ಎಣ್ಣೆ ಅತ್ತೆಯ ಡ್ರಾಯರಿನಲ್ಲಿ ಬೇಗ ಬೇಗ ಖಾಲಿಯಾಗುತ್ತಿತ್ತು. ನಾನೇ ಚೆಲ್ಲಿದ್ದೇನೆಂದು ಅವಳು ನನ್ನನ್ನು ಗದರಿಸುತ್ತಿದ್ದಳು.

ತಾತನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಲೈಸೆನ್ಸ್ ನವೀಕರಣಕ್ಕೆ ಹೋದಾಗ ಸಹಿ ಹಾಕುವ ಜಾಗ ಕಾಣದೆ ಮೇಜಿನ ಮೇಲೆಯೇ ಪೆನ್ನು ಎಳೆದನಂತೆ. ಬಂದೂಕನ್ನು ಮನೆಯ ಬೇರೆಯವರ ಹೆಸರಿಗೆ ಮಾಡಿಸಿ, ಇಲ್ಲವೇ ಒಪ್ಪಿಸಿಬಿಡಿ ಎಂದು ಅಲ್ಲಿ ಹೇಳಿದರು. ತಾತ ಬರೆಸಿದ್ದು ಮಗಳ ಹೆಸರನ್ನು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಅತ್ತೆ ಮಾವಿನ ತೋಟವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಫಸಲಿನ ಕಾಲದಲ್ಲಿ ತೋಟದ ಗುಡಿಸಲಲ್ಲೇ ಮಲಗುತ್ತಿದ್ದಳು. ಬಂದೂಕಿಲ್ಲದೆ ಹೆಂಗಸು ತೋಟದಲ್ಲಿ ಕಾವಲಿರುವುದನ್ನು ಮನೆ ಒಪ್ಪುತ್ತಿರಲಿಲ್ಲ. ನಂಗಲಿಯಲ್ಲಿ ಲಾರಿ ಬುಕಿಂಗ್ ಆಫೀಸಿನಲ್ಲಿದ್ದ ಚಿಕ್ಕಪ್ಪ ಆಗಲೇ ಫಸಲನ್ನು ಮುಂಗಡವಾಗಿ ಗುತ್ತಿಗೆ ಹಿಡಿಯುವ ಒಬ್ಬ ವ್ಯಾಪಾರಿಯನ್ನು ಕರೆತಂದು ಮಾವಿನ ಹೂವು ತೋರಿಸಿದ್ದ. ಲೈಸೆನ್ಸ್ ಅತ್ತೆಗೆ ಬರದಿದ್ದರೆ ತೋಟ ಹೂವಿನಲ್ಲೇ ಆ ವ್ಯಾಪಾರಿಯ ಪಾಲಾಗುತ್ತಿತ್ತು, ಅತ್ತೆ ಅಡುಗೆಮನೆಯ ಪಾಲಾಗುತ್ತಿದ್ದಳು. ಚಿಕ್ಕಪ್ಪನಿಗೆ ಅಕ್ಕನ ಮೇಲೆ ದ್ವೇಷವೇನೂ ಇರಲಿಲ್ಲ. ಅವಳು ಗುಡಿಸಲಲ್ಲಿ ಮಲಗಿದ ದಿನಗಳಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ ಎಂದು ಅವನೇ ನನಗೆ ಆಮೇಲೆ ಹೇಳಿದ್ದಾನೆ.

ಡಬ್ಬಿ ಸಿಕ್ಕಿಕೊಂಡ ಮಧ್ಯಾಹ್ನ ಅದನ್ನು ಹೊರಗೆಳೆಯಲು ಚಿಕ್ಕಪ್ಪ ಬೇಕಾಯಿತು. ಬಂದೂಕನ್ನು ತೊಡೆಗಳ ನಡುವೆ ಹಿಡಿದು, ಬಟ್ಟೆ ಸುತ್ತಿ ಜಗ್ಗಿದ. ಡಬ್ಬಿ ಬಂತು, ಅವನು ಹಿಂದಕ್ಕೆ ಬಿದ್ದ. ಅಂದಿನಿಂದ ಮನೆಯಲ್ಲಿ ಒಂದೊಂದು ದಿನಕ್ಕೆ ಒಂದೊಂದು ಕಾರಣ ಹುಟ್ಟಿತು. ಮೊದಲನೆಯದು ಚಿಕ್ಕಪ್ಪನದು: ಹಿಂಗಾರಿನ ತೇವಕ್ಕೆ ಮರ ಊದಿದೆ, ಗೂಡು ಕಿರಿದಾಗಿದೆ. ಬಂದೂಕನ್ನು ಮಾಳಿಗೆಯ ಮೇಲೆ, ಅಜ್ಜಿಯ ಹಪ್ಪಳದ ಪಕ್ಕದಲ್ಲಿ ಬಿಸಿಲಿಗೆ ಹಾಕಿದರು. ಕಾಗೆ ಓಡಿಸುವ ಕೆಲಸ ನನ್ನದು. ಆ ದಿನ ಒಂದು ಕಾಗೆಯೂ ಹತ್ತಿರ ಬರಲಿಲ್ಲ. ಸಂಜೆ ಹಾಕಿ ನೋಡಿದರೆ ಡಬ್ಬಿ ಅಲ್ಲಿಗೇ ಹೋಗಿ ನಿಂತಿತು. ಮರ ಊದಿರಬಹುದೇ ಎಂದು ಅತ್ತೆ ತಾತನನ್ನು ಕೇಳಿದಳು. ಜಗಲಿಯ ಕಂಬಕ್ಕೆ ಒರಗಿದ್ದ ತಾತ, ಇರಬಹುದು ಎಂದ.

ಎರಡನೆಯ ಕಾರಣವೂ ಚಿಕ್ಕಪ್ಪನದೇ. ಹಿಂದಿನ ವರ್ಷ ಚುನಾವಣೆಗೆ ಮುಂಚೆ ಲೈಸೆನ್ಸ್ ಇದ್ದವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿದ್ದರು. ಅಷ್ಟು ಬಂದೂಕುಗಳ ನಡುವೆ ಡಬ್ಬಿ ಅದಲುಬದಲಾಗಿರಬೇಕು ಎಂದ. ತಾತ ಕೈ ಚಾಚಿದ. ಡಬ್ಬಿಯ ತಳವನ್ನು ಹೆಬ್ಬೆರಳಿನಿಂದ ಸವರಿದ. ಅಲ್ಲಿ ಅವನೇ ಮೊಳೆಯಿಂದ ಗೀಚಿದ ಒಂದು ಗುರುತಿತ್ತು. ಇದು ನಮ್ಮದೇ ಎಂದ. ಈ ಸಲ ಇರಬಹುದು ಎನ್ನಲಿಲ್ಲ. ಯಾವುದನ್ನೂ ಇರಬಹುದು ಎಂದು ಹೇಳುವ ಅಭ್ಯಾಸ ತಾತನಿಗೆ ಇರಲೇ ಇಲ್ಲ. ಮಳೆ ಬರುತ್ತದೋ ಇಲ್ಲವೋ ಎಂದರೂ ಒಂದು ಕಡೆ ನಿಲ್ಲುತ್ತಿದ್ದ. ಆ ವಾರ ಮಾತ್ರ ಅವನ ಬಾಯಲ್ಲಿ ಆ ಪದ ಹಲವು ಸಲ ಬಂತು. ಇದನ್ನು ನಾನು ಆಗಲೇ ಗಮನಿಸಿದ್ದೆ. ಏಕೆಂದು ಗೊತ್ತಾಗಿರಲಿಲ್ಲ.

ಮರುದಿನ ಅತ್ತೆ ಡಬ್ಬಿಯನ್ನು ಊಟದ ಚೀಲದಲ್ಲಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು, ಶ್ರೀನಿವಾಸಪುರದ ಬಸ್ಸು ಹತ್ತಿದಳು. ಅಲ್ಲಿ ಬೀಗ, ಸ್ಟೌ, ಹೊಲಿಗೆ ಮಿಷನ್ನು ರಿಪೇರಿ ಮಾಡುವ ಪ್ಯಾರೇ ಸಾಬರು ಅವಳಿಗೆ ಗೊತ್ತಿದ್ದವರು. ಅವರು ಡಬ್ಬಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಪಕ್ಕದ ತಗಡು ಉಬ್ಬಿದೆ ಎಂದರು. ಮೇಲೆಲ್ಲ ಎಣ್ಣೆ ಜಿಡ್ಡು, ಅದರ ಮೇಲೆ ರಾಗಿಹಿಟ್ಟು, ಇದೇನು ಬಂದೂಕಿನದೋ ತಿಂಡಿ ಡಬ್ಬಿಯೋ ಎಂದು ನಕ್ಕರು. ಅತ್ತೆ ಅರ ಹಾಕಿ ಉಬ್ಬನ್ನು ಉಜ್ಜಿ ಕೊಡಿ ಎಂದಳು. ಸಾಬರು ಡಬ್ಬಿಯನ್ನು ಹಿಂದಕ್ಕೆ ಕೊಟ್ಟರು.

"ಬಂದೂಕು ನೋಡದೆ ಅರ ಮುಟ್ಟಲ್ಲ ಬೇಟಿ. ಒಂದ್ಸಲ ಉಜ್ಜಿದ ತಗಡು ತಿರುಗಿ ಬೆಳೆಯಲ್ಲ. ಆಮೇಲೆ ಡಬ್ಬಿ ಲೊಡಲೊಡ ಅಂದ್ರೆ, ನಿಮ್ಮಪ್ಪ ನನ್ನ ಗಡ್ಡ ಹಿಡೀತಾನೆ."

ಮನೆಗೆ ಬಂದ ಮೇಲೆ ಅಜ್ಜಿ ಡಬ್ಬಿಯನ್ನು ಹಿತ್ತಲಿಗೆ ಒಯ್ದು, ಹುಣಸೆಹಣ್ಣು ಬೂದಿ ಹಾಕಿ, ಚೆಂಬಿನಂತೆ ತಿಕ್ಕಿ ತೊಳೆದಳು. ತುಕ್ಕು ಹಿಡಿಯಬಾರದೆಂದು ಒರೆಸಿ, ಹುಚ್ಚೆಳ್ಳೆಣ್ಣೆ ಸವರಿ ಕೊಟ್ಟಳು. ಹೊಸ ಎಣ್ಣೆಯ ಜಾರಿಕೆಗೆ ಡಬ್ಬಿ ಹಿಂದಿಗಿಂತ ಒಂದು ಎಳ್ಳಿನಷ್ಟು ಹೆಚ್ಚು ಒಳಗೆ ಹೋಯಿತು. ನೋಡಿದಿರಾ ಎಂದಳು ಅಜ್ಜಿ. ಆದರೆ ಕೊಕ್ಕೆ ಬೀಳಲಿಲ್ಲ. ಡಬ್ಬಿ ಸರಿಯಾಗಿ ಕೂತರೆ ಟಕ್ ಎಂಬ ಸದ್ದಾಗಬೇಕು, ಆ ಸದ್ದು ಬರಲಿಲ್ಲ. ಜಿಡ್ಡು ತೊಳೆದಾಯಿತು, ಆದರೂ ಬಿಗಿ, ಆದ್ದರಿಂದ ಜಿಡ್ಡು ಕಾರಣವಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಗೂಡನ್ನು ತೊಳೆಯುವುದು ಯಾರಿಗೂ ಹೊಳೆಯಲಿಲ್ಲ. ಅದು ಕತ್ತಲೆಯ ಜಾಗ, ಒಳಗೆ ಏನೂ ಕಾಣುತ್ತಿರಲಿಲ್ಲ. ಉಬ್ಬಿದ ತಗಡೇ ಕಾರಣವೆಂದು ಅತ್ತೆ ಹೇಳಿದಾಗ ತಾತ ಮತ್ತೆ ಇರಬಹುದು ಎಂದ.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಚಿಕ್ಕಪ್ಪ ಲಾರಿ ಮೆಕ್ಯಾನಿಕ್ಕನಿಂದ ಒಂದು ಅರ ಇಸಿದುಕೊಂಡು ಬಂದ. ಮಧ್ಯಾಹ್ನದ ಊಟವಾಗಿತ್ತು. ಅಜ್ಜಿ ನಡುಮನೆಯ ಹೊಸಿಲ ಹತ್ತಿರ ಕೂತು ಹಿತಕವರೆ ಸಾರಿಗೆಂದು ಅವರೆಕಾಳು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದಳು. ತಾತ ಜಗಲಿಯಲ್ಲಿದ್ದ. ಚಿಕ್ಕಪ್ಪ ಡಬ್ಬಿಯನ್ನು ಬೀಸುವ ಕಲ್ಲಿನ ಮೇಲೆ ಒತ್ತಿ ಹಿಡಿದು ಅರ ಎತ್ತಿದಾಗ ಅತ್ತೆ ಅವನ ಕೈ ಹಿಡಿದಳು.

"ಎಲ್ಲಿ ಉಜ್ಜಬೇಕು ಅಂತ ಗೊತ್ತೇನೋ ನಿಂಗೆ?"

"ಉಬ್ಬಿರೋ ಕಡೆ."

"ಉಬ್ಬಿರೋ ಕಡೇನೇ ತಾಕ್ತದೆ ಅಂತ ಯಾರು ನೋಡವ್ರೆ?"

ಅವಳು ಎದ್ದು ತೊಟ್ಟಿಲ ಹಗ್ಗಕ್ಕೆ ಸಿಕ್ಕಿಸಿದ್ದ ತಮ್ಮನ ಕಾಡಿಗೆ ಡಬ್ಬವನ್ನು ತಂದಳು. ಮ್ಯಾಗಜೀನಿನ ಎಣ್ಣೆಯನ್ನು ಸೆರಗಿನಿಂದ ಒರೆಸಿ, ನಾಲ್ಕೂ ಕಡೆ ಕಾಡಿಗೆಯನ್ನು ತೆಳ್ಳಗೆ ಹಚ್ಚಿದಳು. ರವಿಕೆ ಬಿಗಿಯೆಂದು ಹೇಳುವ ಹೆಂಗಸರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಿಗಿ ಎಲ್ಲಿದೆಯೆಂದು ನೋಡುವುದು ಅವಳ ರೂಢಿ. ಇಲ್ಲಿ ಸೀಮೆಸುಣ್ಣದ ಬದಲು ಕಾಡಿಗೆ. ಡಬ್ಬಿಯನ್ನು ಗೂಡಿನೊಳಗೆ ನಿಧಾನವಾಗಿ ತಳ್ಳಿ, ನಿಂತಲ್ಲಿ ನಿಲ್ಲಿಸಿ, ಹಿಂದಕ್ಕೆ ಎಳೆದಳು. ಉಬ್ಬಿದೆ ಎಂದುಕೊಂಡಿದ್ದ ಪಕ್ಕದಲ್ಲಿ ಕಾಡಿಗೆ ಹಾಗೇ ಇತ್ತು. ಹಿಂಬದಿಯ ಎರಡು ಮೂಲೆಗಳಲ್ಲಿ ಮಾತ್ರ ಅಳಿಸಿಹೋಗಿತ್ತು. ಅಲ್ಲಿ ತಗಡು ಉಬ್ಬಿರಲಿಲ್ಲ. ಅತ್ತೆ ಬಂದೂಕನ್ನು ತಲೆಕೆಳಗು ಹಿಡಿದು ನನ್ನನ್ನು ಕರೆದಳು. ಅವಳ ಬೆರಳು ಆ ಮೂಲೆಗೆ ಹೋಗುತ್ತಿರಲಿಲ್ಲ.

ನಾನು ತೋರುಬೆರಳು ಹಾಕಿದೆ. ಕಬ್ಬಿಣ ನುಣ್ಣಗಿರುತ್ತದೆ ಎಂದುಕೊಂಡಿದ್ದೆ. ಮೂಲೆಯಲ್ಲಿ ಅದು ಬೇರೆ ಏನೋ ಆಗಿತ್ತು, ಒಣಗಿದ ಗೋಂದಿನ ಹಾಗೆ, ಒತ್ತಿದರೆ ಉಗುರು ಸ್ವಲ್ಪ ಒಳಗೆ ಇಳಿಯುತ್ತಿತ್ತು. ಕೆರೆದೆ. ಉಗುರಿನ ಸಂದಿಯಲ್ಲಿ ಜೇನಿನ ಬಣ್ಣದ ಒಂದು ಚೂರು ಬಂತು. ಕಾಡಿಗೆಯೂ ಅದಕ್ಕೆ ಅಂಟಿತ್ತು. ಮೂಸಿ ನೋಡಿದೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತಿತ್ತು.

"ಹುಚ್ಚೆಳ್ಳು," ಎಂದೆ.

ಅಜ್ಜಿಯ ಕೈ ಅವರೆಕಾಳಿನ ಮೇಲೆ ನಿಂತಿತು. ಅವಳು ಅಂಜಲಿಲ್ಲ. ಹೌದು, ನಾನೇ ಹಚ್ಚಿದ್ದು, ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಪ್ರತಿ ಆಯುಧ ಪೂಜೆಗೂ ಹಚ್ಚುತ್ತಿದ್ದೇನೆ, ಅದರಲ್ಲೇನು ಎಂದಳು. ಚಿಕ್ಕಪ್ಪ ಆ ಮಾತನ್ನೇ ಹಿಡಿದುಕೊಂಡ. ಪ್ರತಿ ವರ್ಷ ಹಚ್ಚಿದ ಎಣ್ಣೆ ಇಷ್ಟು ವರ್ಷ ಬಿಗಿ ಮಾಡದೆ ಈಗ ಯಾಕೆ ಮಾಡುತ್ತದೆ? ಕುಡುಗೋಲಿಗೂ ಅದೇ ಎಣ್ಣೆ, ಅದು ಅಂಟಿಕೊಂಡಿದೆಯೇ? ಎಣ್ಣೆಯಲ್ಲ ಕಾರಣ, ತಗಡೇ. ಅವನ ವಾದದಲ್ಲಿ ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಹೊತ್ತು ಇಳಿಯುತ್ತಿತ್ತು, ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಟರು ಬರುವವರು. ಅತ್ತೆ ಡಬ್ಬಿಯನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು. ಅವನು ಮತ್ತೆ ಅರ ತೆಗೆದುಕೊಂಡ.

ಕುಡುಗೋಲಿನ ಮಾತು ನನಗೆ ಸರಿಬರಲಿಲ್ಲ. ಕುಡುಗೋಲನ್ನು ದಿನವೂ ಮಸೆಯುತ್ತಾರೆ, ಅದರ ಮೇಲೆ ಎಣ್ಣೆ ಎಲ್ಲಿ ಉಳಿಯುತ್ತದೆ? ಬಂದೂಕಿನ ಗೂಡನ್ನು ಯಾರು ಮಸೆಯುತ್ತಾರೆ? ಚಿಕ್ಕಪ್ಪನನ್ನು ಕೇಳುವ ಧೈರ್ಯವಿರಲಿಲ್ಲ. ಜಗಲಿಗೆ ಹೋಗಿ ತಾತನನ್ನು ಕೇಳಿದೆ.

"ತಾತ, ಇಷ್ಟು ವರ್ಷದ ಎಣ್ಣೆ ಎಲ್ಲಾ ಎಲ್ಲಿ ಹೋಯ್ತು?"

ಒಳಗೆ ಅರ ತಗಡಿನ ಮೇಲೆ ಒಮ್ಮೆ ಎಳೆದ ಸದ್ದು ಕೇಳಿತು. ಹಲ್ಲು ಜುಮ್ಮೆನ್ನಿಸುವ ಸದ್ದು. ತಾತ ಗೋಡೆ ಹಿಡಿದು ಎದ್ದ. ಬಾಗಿಲಿನಲ್ಲಿ ನಿಂತು ಮಗನಿಗೆ ಹೇಳಿದ:

"ಅರ ಕೆಳಗಿಡೋ. ಅದು ಎಣ್ಣೇನೇ."

"ಇಷ್ಟು ವರ್ಷ ಆಗದೇ ಇದ್ದಿದ್ದು..."

"ಇಷ್ಟು ವರ್ಷ ನಾನು ಒರೆಸ್ತಿದ್ದೆ. ಹಬ್ಬದ ಮಾರನೇ ದಿನ. ಸೀಮೆಎಣ್ಣೇಲಿ ಒರೆಸಿ ಮಿಷನ್ ಎಣ್ಣೆ ಹಾಕಿಡ್ತಿದ್ದೆ. ಕಣ್ಣು ಹೋದ ಮೇಲೆ ಆಗಲಿಲ್ಲ, ಎಣ್ಣೆ ಒಣಗಿ ಗಟ್ಟಿಯಾಗೋಯ್ತು."

ಅತ್ತೆ ನನ್ನ ಕಡೆ ನೋಡಿದಳು. ಡ್ರಾಯರಿನ ಎಣ್ಣೆಯ ಲೆಕ್ಕ ಅವಳಿಗೆ ಆಗ ಸಿಕ್ಕಿರಬೇಕು. ಚಿಕ್ಕಪ್ಪ ಅರವನ್ನು ನೆಲದ ಮೇಲೆ ಇಟ್ಟ. ತಾತನಿಗೆ ಅಜ್ಜಿ ಎಲ್ಲಿ ಕೂತಿದ್ದಾಳೆಂದು ಕಾಣುತ್ತಿರಲಿಲ್ಲ. ಆದರೂ ಮುಖವನ್ನು ಸರಿಯಾಗಿ ಅವಳು ಇದ್ದ ಕಡೆಗೇ ತಿರುಗಿಸಿಕೊಂಡು ನಿಂತಿದ್ದ. ಹಬ್ಬದ ಮಾರನೇ ದಿನ ಅವನು ಮಲಗಿದ್ದಾನೆಂದು ನಂಬಿ ಮನೆಯವರೆಲ್ಲರ ಬಾಯಿ ಮುಚ್ಚಿಸುತ್ತಿದ್ದವಳು ಅವಳು.

"ಪ್ರತಿ ಏಡಾದೀನಾ?" ಎಂದಳು ಅಜ್ಜಿ. ಪ್ರತಿ ವರ್ಷವೂ ಒರೆಸಿದಿರಾ ಎಂದು.

"ಅವುನು."

ಅಜ್ಜಿ ಅವರೆಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು. ಅಡುಗೆಮನೆಗೆ ಹೋಗಿ ಸೀಮೆಎಣ್ಣೆ ಬಾಟಲಿ ಮತ್ತು ತನ್ನ ಹಳೆಯ ಸೀರೆಯ ಒಂದು ತುಂಡನ್ನು ತಂದು ಅತ್ತೆಯ ಮುಂದೆ ಇಟ್ಟು ಒಳಗೆ ಹೋದಳು. ಅತ್ತೆ ಬಿದಿರು ಕಡ್ಡಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ಗೂಡಿನ ಮೂಲೆಗಳನ್ನು ನೆನೆಸಿದಳು. ಒಂದೇ ಸಲಕ್ಕೆ ಬಿಡಲಿಲ್ಲ. ನೆನೆಸುವುದು, ಕಾಯುವುದು, ನಾನು ಉಗುರಿನಿಂದ ಕೆರೆಯುವುದು. ಬಟ್ಟೆ ಮೊದಲು ಕಂದು, ಆಮೇಲೆ ಹಳದಿ, ಕೊನೆಗೆ ಬಿಳಿಯಾಗಿಯೇ ಹೊರಗೆ ಬಂತು. ದೀಪ ಹಚ್ಚುವ ಮುಂಚೆ ಅತ್ತೆ ಡಬ್ಬಿಯನ್ನು ಗೂಡಿಗೆ ಇಟ್ಟು ಅಂಗೈಯಿಂದ ಒತ್ತಿದಳು. ಟಕ್ ಎಂದಿತು. ಜಗಲಿಯಲ್ಲಿ ತಾತ ಕೆಮ್ಮಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಆ ರಾತ್ರಿ ಮುದ್ದೆಗೆ ಹಿತಕವರೆ ಸಾರು. ಸಾರಿಗೆ ಒಗ್ಗರಣೆ ಇರಲಿಲ್ಲ. ಅಮ್ಮ ಮೆಲ್ಲಗೆ ನೆನಪಿಸಿದ್ದಕ್ಕೆ ಅಜ್ಜಿ ಊಟದ ಸಾಲಿಗೆ ಕೇಳಿಸುವಂತೆ ಕನ್ನಡದಲ್ಲೇ ಹೇಳಿದಳು:

"ಈ ಮನೇಲಿ ನಮ್ಮ ಎಣ್ಣೆ ಯಾರಿಗೂ ಹಿಡಿಸಲ್ಲ ಕಣಮ್ಮ. ಸುಮ್ಮನೆ ಯಾಕೆ ಹಾಕೋದು, ಆಮೇಲೆ ಅವರು ಒರೆಸ್ಕೊಂಡು ಕೂರೋದು."

ತಾತ ಒಗ್ಗರಣೆಯಿಲ್ಲದ ಸಾರನ್ನು ಎರಡನೆಯ ಸಲ ಹಾಕಿಸಿಕೊಂಡ. ಚಿಕ್ಕಪ್ಪ ಮುದ್ದೆಯ ಮೇಲೆ ಬಗ್ಗಿ ನಗು ತಡೆದುಕೊಂಡ. ನಾನು ಅಜ್ಜಿಯ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ. ಒಗ್ಗರಣೆ ಮತ್ತೆ ಬರಲು ಸಂಕ್ರಾಂತಿ ಕಳೆಯಬೇಕಾಯಿತು. ಆ ದಿನಗಳಲ್ಲಿ ಅವರಿಬ್ಬರ ನಡುವೆ ತೆಲುಗು ನಿಂತುಹೋಗಿತ್ತು. ಬೇಕಾದದ್ದನ್ನು ಇಬ್ಬರೂ ನನ್ನ ಮೂಲಕ ಕನ್ನಡದಲ್ಲಿ ಕೇಳುತ್ತಿದ್ದರು.

ಇನ್‌ಸ್ಪೆಕ್ಟರು ಮರುದಿನ ಬೆಳಿಗ್ಗೆ ಮೋಟರ್ ಸೈಕಲ್ಲಿನಲ್ಲಿ ಬಂದರು. ಜಗಲಿಯಲ್ಲಿ ಕುರ್ಚಿ ಹಾಕಿದ್ದೆವು. ಬಂದೂಕು ನೋಡಿದರು, ಡಬ್ಬಿ ಎಲ್ಲಿ ಎಂದರು. ಅಡುಗೆಮನೆಯಿಂದ ಅದನ್ನು ತಂದವಳು ಅಜ್ಜಿ. ಅಲ್ಲಿ ಯಾಕೆ ಇಟ್ಟಿದ್ದೀರಿ ಎಂದು ಕೇಳಿದ್ದಕ್ಕೆ ಅತ್ತೆ ಮೂರು ಕೋಣೆಯ ಕಟ್ಟಳೆಯನ್ನು ವಿವರಿಸಿದಳು. ಅವರು ತಲೆಯಾಡಿಸಿ, ಹಾಕಿ ತೋರಿಸಮ್ಮ ಎಂದರು. ಅತ್ತೆ ಹಾಕಿದಳು. ತೆಗೆಯಲು ಹೇಳಿದರು, ತೆಗೆದಳು. ಮತ್ತೊಮ್ಮೆ ಹಾಕಿಸಿದರು. ಎರಡು ಸಲವೂ ಸದ್ದು ಬಂತು. ಆಮೇಲೆ ತಾತನ ಕಡೆ ತಿರುಗಿ, ಮಗಳು ಹಾಕಿದ್ದು ಸರಿಯಾಗಿದೆಯೇ, ನಿಮಗೆ ಕಾಣಿಸಿತೇ ಎಂದು ಕೇಳಿದರು.

"ಕೇಳಿಸ್ತು ಸ್ವಾಮಿ," ಎಂದ ತಾತ.

ಮಾವಿನ ಹೂವು ಕಾಯಿಯಾಗುವ ಹೊತ್ತಿಗೆ ಲೈಸೆನ್ಸ್ ಅತ್ತೆಯ ಹೆಸರಿಗೆ ಬಂತು. ವ್ಯಾಪಾರಿ ಬೇರೆ ತೋಟ ನೋಡಿಕೊಂಡ. ಆ ಬೇಸಿಗೆ ಅತ್ತೆ ಗುಡಿಸಲಿನಲ್ಲಿ ಮಲಗಿದಳು, ಬಂದೂಕು ಅವಳ ಹತ್ತಿರ, ಡಬ್ಬಿ ಗುಡಿಸಲಿನ ಸೂರಿನಲ್ಲಿ. ತೂಟಾಗಳನ್ನು ಎಲ್ಲಿಟ್ಟಿದ್ದಳೋ ನನಗೆ ಗೊತ್ತಿಲ್ಲ. ಚಿಕ್ಕಪ್ಪ ನಂಗಲಿಯಿಂದ ಬಂದು ತೋಟದ ಬೇಲಿಯ ಹೊರಗೆ ಒಂದು ಸುತ್ತು ಹಾಕಿ ಹೋಗುತ್ತಿದ್ದ. ಬಂದೂಕು ಹಿಡಿದವಳಿಗೆ ಕಾವಲು ಕಾಯಲು ಬರುತ್ತಾನೆ ಎಂದು ಅವಳು ಅವನನ್ನು ರೇಗಿಸುತ್ತಿದ್ದಳು.

ಮುಂದಿನ ಆಯುಧ ಪೂಜೆಗೆ ಅಜ್ಜಿ ಬಂದೂಕಿಗೆ ಎಣ್ಣೆ ಹಚ್ಚುತ್ತಾಳೋ ಇಲ್ಲವೋ ಎಂದು ನಾನು ಮಣೆಯ ಪಕ್ಕದಲ್ಲೇ ಕೂತು ಕಾದೆ. ಕುಡುಗೋಲು, ಗುದ್ದಲಿ, ಗುಳ, ಕತ್ತರಿ ಮುಗಿಸಿ ಅಜ್ಜಿ ಬಂದೂಕಿನ ಮುಂದೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಬೆರಳು ಅದ್ದಿ ಎಣ್ಣೆ ಹಚ್ಚಿದಳು, ಮೊದಲಿನಷ್ಟೇ, ಗೂಡಿನೊಳಕ್ಕೂ. ಮಾರನೇ ದಿನ ತಾತನ ಕೋಣೆಯ ಬಾಗಿಲು ಹಾಕಿತ್ತು. ಒಳಗಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು, ತೆಲುಗು ಕೇಳುತ್ತಿತ್ತು. ಬಾಗಿಲ ಸಂದಿಯಲ್ಲಿ ನೋಡಿದೆ. ಬಂದೂಕು ಅಜ್ಜಿಯ ತೊಡೆಯ ಮೇಲಿತ್ತು. ಬಟ್ಟೆ ಸುತ್ತಿದ ಕಡ್ಡಿ ಅವಳ ಕೈಯಲ್ಲಿತ್ತು. ತಾತ ಗೂಡಿನ ಅಂಚನ್ನು ಬೆರಳಿನಿಂದ ಮುಟ್ಟಿ, ಇಲ್ಲಿ ಇನ್ನೂ ಇದೆ ಎನ್ನುತ್ತಿದ್ದ. ನಿಮಗೆ ಕಾಣುತ್ತದಾ ಎಂದು ಅವಳು ಕೇಳುತ್ತಿದ್ದಳು.

ಅವರಿಬ್ಬರೂ ಈಗಿಲ್ಲ. ಅತ್ತೆಗೂ ಪೊರೆ ಬಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ. ಬಂದೂಕನ್ನೂ ಡಬ್ಬಿಯನ್ನೂ ಅವಳು ಕೋಲಾರದ ಒಂದು ಅಂಗಡಿಗೆ ಒಪ್ಪಿಸಿ ಬಂದಳು. ಅಂಗಡಿಯವನು ಡಬ್ಬಿ ಹಾಕಿ ತೆಗೆದು ನೋಡಿ, ಸಲೀಸಾಗಿದೆ ಎಂದು ಬರೆದುಕೊಂಡ. ಕಳೆದ ಆಯುಧ ಪೂಜೆಗೆ ನಾನು ಯಲ್ದೂರಿಗೆ ಹೋಗಿದ್ದೆ. ಮಣೆಯ ಮೇಲೆ ಕುಡುಗೋಲು ಮತ್ತು ಕತ್ತರಿ ಇದ್ದವು. ಅತ್ತೆ ಎರಡಕ್ಕೂ ಹುಚ್ಚೆಳ್ಳೆಣ್ಣೆ ಹಚ್ಚಿದಳು. ಮಾರನೇ ದಿನ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಎರಡನ್ನೂ ಒರೆಸಿದಳು.